ಖಾಲಿ ಬಿಟ್ಟ ಎರಡನೇ ಖಾನೆ

"ಒಂಬತ್ತನೇ ಕ್ಲಾಸ್ ಬುಟ್ಟೋನ ಕೈಗೆ ವೈರ್ ಕೊಟ್ರೆ ಇನ್ನೇನ್ಲಾ ಆಗ್ತದೆ?"

ಶೆಟ್ಟಿಕೆರೆ ಬಸ್‌ಸ್ಟಾಪಿನ ಎದುರು ದುರ್ಗಯ್ಯನ ಟೀ ಅಂಗಡಿ. ಬೆಳಗಿನ ತಿಪಟೂರು ಬಸ್ಸಿಗೆ ಕಾಯುತ್ತಿದ್ದವರು ಹದಿನೈದು ಜನವಾದರೂ ಇದ್ದರು. ಬೈಕಿನಿಂದ ಇಳಿಯದೆ, ಒಂದು ಕಾಲು ನೆಲಕ್ಕೆ ಊರಿಕೊಂಡು, ವಸಂತಣ್ಣ ನನ್ನನ್ನು ಹಿಡಿದು ನಿಲ್ಲಿಸಿದ್ದ.

"ಐವತ್ತು ಸ್ಪೀಡು ಅಂತೇಳಿ ನೆಟ್ ಹಾಕ್ದೆ. ಎಲ್ಲೈತ್ಲಾ ಐವತ್ತು? ಎಮ್ಮೆ ಕೆರೆಯಿಂದ ಎದ್ದು ಬಂದಂಗೆ ಬತ್ತೈತೆ! ಹೋದ್ ವಾರ ನನ್ ತಂಗಿ ಆನ್‌ಲೈನಲ್ಲಿ ಪಾಠ ಮಾಡ್ತಾ ಮಾಡ್ತಾ ಬಾಯಿ ತಕ್ಕಂಡು ಹಂಗೇ ನಿಂತೋದ್ಲಂತೆ, ಗೋಡೆಗ್ ಹಾಕಿದ್ ಫೋಟೋ ಥರ. ನಿಮ್ಮಪ್ಪ ಮಾರಯ್ಯ ಕಾಯಿ ಸುಲಿಯೋದ್ರಲ್ಲಿ ಎತ್ತಿದ ಕೈ. ನೀನೂ ಅದನ್ ಮಾಡೋದ್ ಬುಟ್ಟು, ಕುತ್ತಿಗೇಗೆ ಟ್ಯಾಗ್ ಹಾಕ್ಕಂಡು ಇಂಜಿನಿಯರ್ ಆಗೋಕ್ ಹೊಂಟವ್ನೆ!"

ಜನ ನಕ್ಕರು. ದುರ್ಗಯ್ಯ ಸೋಸುತ್ತಿದ್ದ ಟೀ ಚೆಲ್ಲುವಷ್ಟು ನಕ್ಕ.

ಉತ್ತರ ನನ್ನ ನಾಲಗೆಯ ತುದಿಯಲ್ಲೇ ಇತ್ತು. ಹೇಳಿದ್ದರೆ ಅಲ್ಲಿದ್ದವರಲ್ಲಿ ಹತ್ತು ಜನ ನಗು ನಿಲ್ಲಿಸಿ ನೆಲ ನೋಡುತ್ತಿದ್ದರು, ಉಳಿದ ಐವರು ನನ್ನ ಮೇಲೆ ಬೀಳುತ್ತಿದ್ದರು. ನುಂಗಿಕೊಂಡೆ. ಅದು ಹೊಟ್ಟೆಗೆ ಹೋಗದೆ ಎದೆಯಲ್ಲೇ ಉರಿಯಿತು.

"ಶುಕ್ರವಾರ ಅವಳದು ಇನ್ನೊಂದ್ಸಲ ಡೆಮೊ ಕ್ಲಾಸೈತೆ. ಅವತ್ತೂ ಕಟ್ಟಾದ್ರೆ ನೆಟ್ಟೂ ಬ್ಯಾಡ, ಅವಳಿಗೆ ಕೆಲಸಾನೂ ಬ್ಯಾಡ. ವೈರ್ ಕಿತ್ತು ನಿನ್ ಕೈಗೇ ಕೊಡ್ತೀನಿ," ಎಂದು ವಸಂತಣ್ಣ ಗಾಡಿ ಒದ್ದ.

ಅವತ್ತು ಮಂಗಳವಾರ.

*

ಅವತ್ತೇ ವಸಂತಣ್ಣನ ಮನೆ ಅಂಗಳಕ್ಕೆ ಕಾಲಿಟ್ಟಾಗ ಮೊದಲು ಕಂಡದ್ದು ಅಪ್ಪನ ಹಾರೆ. ಕಾಯಿ ಸುಲಿಯುವ ಹಾರೆ, ಮೊನೆ ಮೇಲೆ ಮಾಡಿ ನೆಲಕ್ಕೆ ನೆಟ್ಟದ್ದು. ಸೊಂಟ ಹಿಡಿದುಕೊಂಡು ಅಪ್ಪ ಮೂರು ದಿನದಿಂದ ಮನೆಯಲ್ಲಿ ಮಲಗಿದ್ದ. ಹಾರೆ ಮಾತ್ರ ಇಲ್ಲೇ ನಿಂತಿತ್ತು. ಕೆಲಸ ಮುಗಿಯದ ಮನೆಯಿಂದ ಅಪ್ಪ ಹಾರೆ ಕಿತ್ತು ತರುವುದಿಲ್ಲ. "ನಾಳೆ ಬತ್ತೀನಿ ಅಂತ ಬಾಯಲ್ಲಿ ಯಾಕ್ ಹೇಳ್ಬೇಕ್ಲಾ? ಹಾರೆ ಹೇಳ್ತದೆ," ಅನ್ನುತ್ತಾನೆ. ಈ ಸುತ್ತಿನ ತೋಟದ ಮನೆಯವರಿಗೆಲ್ಲ ಅದು ಗೊತ್ತು. ಹಾರೆ ನಿಂತಿದ್ದರೆ ಇನ್ನೊಬ್ಬನನ್ನು ಕರೆಯುವುದಿಲ್ಲ.

ಜಗಲಿ ಗೋಡೆಯ ಮೇಲೆ ನಾನು ಹಾಕಿದ್ದ ನೆಟ್ಟಿನ ಡಬ್ಬ ಹಸಿರು ದೀಪ ಮಿಟುಕಿಸುತ್ತಿತ್ತು. ತಪ್ಪೆಲ್ಲ ಅಲ್ಲಿತ್ತು. ನಾಲ್ಕು ತಿಂಗಳ ಹಿಂದೆ ಅದನ್ನು ಹಾಕಲು ಬಂದಾಗ, ಕಂಪ್ಯೂಟರ್ ಇರುವ ಹಿಂದಿನ ಕೋಣೆಯಲ್ಲೇ ಹಾಕುತ್ತೇನೆ ಅಂದಿದ್ದೆ. ವಸಂತಣ್ಣನ ತಾಯಿ ರಾಧಾಮಣಮ್ಮ ಹೊಸ್ತಿಲಿಗೆ ಅಡ್ಡ ನಿಂತು, ಬಹಳ ಮೆತ್ತಗೆ, "ಇಲ್ಲೇ ಜಗ್ಲಿ ಗೋಡೆಗೇ ಹಾಕ್ಬುಡಪ್ಪ. ನೀನ್ ಒಳಗ್ ಬರೋದೇನೂ ಬ್ಯಾಡ," ಅಂದಿದ್ದರು. ಮನೆಯ ಹೊರಗಿಂದ ವೈರ್ ಸುತ್ತಿಸಿ ಕೊಡಲೇ ಎಂದರೆ, "ಮನೆಗೆ ದಾರ ಸುತ್ತಿದಂಗಾಗ್ತದೆ, ಅದೂ ಬ್ಯಾಡ," ಅಂದಿದ್ದರು.

ಜಗಲಿಯಿಂದ ಹಿಂದಿನ ಕೋಣೆಗೆ ಎರಡು ಮಣ್ಣಿನ ಗೋಡೆ. ನಡುವೆ ನಡುಮನೆ ತುಂಬ ಕಾಯಿ ರಾಶಿ, ಮೇಲೆ ಅಟ್ಟ ಬಿರಿಯುವಷ್ಟು ಕೊಬ್ಬರಿಗೆ ಬಿಟ್ಟ ಕಾಯಿ. ಒಂದೊಂದು ಕಾಯಿಯ ಹೊಟ್ಟೆಯಲ್ಲೂ ನೀರು. ನೀರು ಸಿಗ್ನಲ್ಲನ್ನು ಕುಡಿದುಬಿಡುತ್ತದೆ. ಅಷ್ಟು ಸಾವಿರ ಕಾಯಿ ಕುಡಿದು ಮಿಕ್ಕಿದ್ದೇ ಅವರ ಸ್ಪೀಡು.

"ಸಿದ್ಧಾರ್ಥ್ ಅಂದ್ರೆ ನೀವೇನಾ?"

ಧ್ವನಿ ಬಂದದ್ದು ಮನೆಯ ಪಕ್ಕದ ಸಂದಿಯಿಂದ. ಹಿಂದಿನ ಕೋಣೆಯ ಕಿಟಕಿ. ಕಂಬಿಗಳ ಆಚೆ ಒಂದು ಮುಖ. ಕಂಬಿಯ ನೆರಳು ಒಂದು ಕಣ್ಣಿನ ಮೇಲೆ ಬಿದ್ದಿತ್ತು, ಇನ್ನೊಂದು ಕಣ್ಣು ನನ್ನನ್ನೇ ಅಳೆಯುತ್ತಿತ್ತು. ವಸಂತಣ್ಣನ ತಂಗಿ ಧನಲಕ್ಷ್ಮಿ. ಡಬ್ಬ ಹಾಕಿದಾಗ ತುಮಕೂರಿನಲ್ಲಿ ಬಿ.ಎಡ್. ಓದುತ್ತಿದ್ದವಳು.

"ಹೌದು ಮೇಡಂ."

"ನನ್ನ ಫೋಟೋ ಥರ ನಿಲ್ಲಿಸಿದೋರು ನೀವೇ ಅನ್ನಿ."

"ನಾನ್ ನಿಲ್ಲಿಸಿಲ್ಲ."

"ಮತ್ಯಾರು?"

ಉತ್ತರ ಕೊಡದೆ ಕಿಟಕಿಯ ಕೆಳಗಿದ್ದ ಹಳೇ ಒರಳುಕಲ್ಲಿನ ಮೇಲೆ ಕೂತೆ. ಕಂಪ್ಯೂಟರಿನ ಬೆನ್ನು ನನ್ನ ಕಡೆಗಿತ್ತು, ಪರದೆ ಅವಳ ಕಡೆಗೆ. ಡಬ್ಬ ಅಲುಗಾಡಿಸುವಂತಿಲ್ಲ, ಒಳಗೆ ಹೋಗುವಂತಿಲ್ಲ. ಉಳಿದದ್ದು ಒಂದೇ ದಾರಿ: ಕಂಪ್ಯೂಟರಿನ ಸೆಟ್ಟಿಂಗ್ಸು. ಅದನ್ನೂ ಅವಳ ಕೈಯಲ್ಲೇ ಮಾಡಿಸಬೇಕು, ನೋಡದೆ.

"ಸ್ಪೀಡ್ ಎಷ್ಟು ತೋರಿಸ್ತದೆ, ಓದಿ."

"ನಾಲ್ಕು. ಅಲ್ಲಲ್ಲ, ಮೂರೂ ಮುಕ್ಕಾಲು. ಅಯ್ಯೋ, ಪಾಪ, ಏದುಸಿರು ಬಿಡ್ತಾ ಐತೆ ಕಣ್ರೀ."

ನನಗೆ ನಗು ಬಂತು. ಬೆಳಗಿನಿಂದ ಉರಿಯುತ್ತಿದ್ದವನಿಗೆ ನಗು ಬಂದದ್ದಕ್ಕೇ ಇನ್ನಷ್ಟು ಸಿಟ್ಟು ಬಂತು.

ಒಂದೊಂದಾಗಿ ಹೇಳುತ್ತಾ ಹೋದೆ. ಕಂಪ್ಯೂಟರ್ ಆನ್ ಆದ ಕೂಡಲೇ ತಾವಾಗಿಯೇ ಎದ್ದು ಕೂರುವ ಆ್ಯಪ್‌ಗಳನ್ನು ಆಫ್ ಮಾಡಿಸಿದೆ. ಹಿಂದಿನಿಂದ ಸದ್ದಿಲ್ಲದೆ ನೆಟ್ ತಿನ್ನುತ್ತಿದ್ದ ಅಪ್‌ಡೇಟನ್ನು ಶನಿವಾರದವರೆಗೆ ನಿಲ್ಲಿಸಿದೆ. ಕರೆಂಟ್ ಉಳಿಸುತ್ತೇನೆಂದು ವೈಫೈಯನ್ನೇ ತೂಕಡಿಸಲು ಬಿಡುವ ಒಂದು ಟಿಕ್ ಇರುತ್ತದೆ, ಅದನ್ನು ತೆಗೆಸಿದೆ.

"ನೀವು ಇಂಗ್ಲಿಷ್ ಹೆಸ್ರೇ ಹೇಳಲ್ಲ. ಬರೀ 'ಮೇಲಿಂದ ಮೂರನೇದು, ಬಲಗಡೆ ಕೊನೇದು' ಅಂತೀರ. ದಾರಿ ಹೇಳ್ದಂಗೆ."

"ನಂಗೆ ಹೆಸರು ಬರಲ್ಲ. ಜಾಗ ಗೊತ್ತು." ಸ್ವಲ್ಪ ಒರಟಾಗಿಯೇ ಅಂದೆ. ತಿಪಟೂರಿನ ತೋಂಟದಾರ್ಯರ ಕಂಪ್ಯೂಟರ್ ಅಂಗಡಿಯಲ್ಲಿ ಕಸ ಗುಡಿಸುತ್ತಾ, ಅವರ ಬೆನ್ನ ಹಿಂದೆ ನಿಂತು ನೋಡಿ ಕಲಿತದ್ದು. ಬೆನ್ನ ಹಿಂದಿನಿಂದ ಅಕ್ಷರ ಕಾಣುವುದಿಲ್ಲ, ಕೈ ಎಲ್ಲಿಗೆ ಹೋಯಿತು ಎಂಬುದು ಕಾಣುತ್ತದೆ.

ಅವಳು ಕೀಬೋರ್ಡನ್ನು ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ, "ಹಂಗಾದ್ರೆ ನಾನ್ ಹೆಸರು ಓದ್ತೀನಿ, ನೀವ್ ದಾರಿ ಹೇಳಿ," ಅಂದಳು.

"ಈಗ ಎರಡು ಖಾನೆ ಕಾಣ್ತವಾ, ಒಂದರ ಕೆಳಗೊಂದು?"

"ಕಾಣ್ತವೆ. ಮೊದಲನೇದು ಪ್ರಿಫರ್ಡ್. ಅಂದ್ರೆ, ಮನಸ್ಸಿಗೆ ಬೇಕಾದ್ದು."

"ಅದಕ್ಕೆ ಎಂಟು ಹಾಕಿ. ನಾಲ್ಕು ಎಂಟು, ನಡುವೆ ಚುಕ್ಕಿ."

"ಎಂಟು, ಚುಕ್ಕಿ, ಎಂಟು, ಚುಕ್ಕಿ..." ರಂಗೋಲಿಗೆ ಚುಕ್ಕಿ ಇಡುವವಳ ಹಾಗೆ ಎಳೆದು ಹೇಳಿದಳು. "ಇದರಿಂದ ಸ್ಪೀಡ್ ಜಾಸ್ತಿ ಆಗ್ತದಾ?"

"ಇಲ್ಲ. ಪೇಜುಗಳ ಬಾಗಿಲು ಬೇಗ ತೆಗೀತದೆ ಅಷ್ಟೇ."

"ಎರಡನೇದು ಆಲ್ಟರ್ನೇಟ್. ಮೊದಲನೇದು ಸಿಗದಿದ್ರೆ ಇನ್ನೊಂದು."

"ಎಂಟು, ಎಂಟು, ನಾಲ್ಕು, ನಾಲ್ಕು."

"ಖಾಲಿ ಬಿಟ್ರೆ?"

"ಬಿಡಬಾರ್ದು. ಮೊದಲನೇದು ಕೈ ಕೊಟ್ರೆ?"

"ಕೊಡ್ತದಾ?"

"ಇಲ್ಲೀವರೆಗೂ ಕೊಟ್ಟಿಲ್ಲ."

ಕಂಬಿಯ ಆಚೆ ಆ ಒಂದು ಕಣ್ಣು ಸಣ್ಣಗಾಯಿತು. "ಆಯ್ತು," ಅಂದಳು. ಕೀ ಒತ್ತಿದ ಸದ್ದು ನನಗೆ ಕೇಳಿಸಲಿಲ್ಲ. ಗಾಳಿಗೆ ತೆಂಗಿನ ಗರಿ ಹುಯ್ಯೋ ಅನ್ನುತ್ತಿದ್ದವು, ಅದಕ್ಕಿರಬೇಕು ಅಂದುಕೊಂಡೆ.

ಸ್ಪೀಡು ಒಂಬತ್ತಕ್ಕೆ ಬಂತು.

*

ಬುಧವಾರ ಕರೆಯದೆಯೇ ಹೋದೆ. ಚೆಕ್ ಮಾಡಬೇಕು ಅಂತ ನನಗೆ ನಾನೇ ಹೇಳಿಕೊಂಡೆ. ದಾರಿಯಲ್ಲಿ ಎರಡು ಸಲ ಗಾಡಿ ತಿರುಗಿಸಿದೆ, ಮತ್ತೆ ಎರಡು ಸಲ ತಿರುಗಿಸಿದೆ.

"ನೀವ್ ಹೋದ್ಮೇಲೆ ಸ್ಪೀಡ್ ಕಮ್ಮಿ ಆಯ್ತು ಕಣ್ರೀ," ಅಂದಳು ಕಿಟಕಿಗೆ ಬಂದ ತಕ್ಷಣ.

"ಆಗೋ ಚಾನ್ಸೇ ಇಲ್ಲ. ಎಷ್ಟಾಯ್ತು?"

"ನೆಟ್ಟಿಂದು ಅಂತ ಯಾರ್ ಹೇಳಿದ್ರು? ಹೊತ್ತು ಹೋಗೋ ಸ್ಪೀಡು."

ಹೇಳಿ ತಾನೇ ನಾಚಿ, ಪರದೆಯ ಹಿಂದೆ ಮುಖ ಮರೆಸಿಕೊಂಡಳು. ಕಿವಿಯ ಓಲೆ ಮಾತ್ರ ಕಾಣುತ್ತಿತ್ತು. ಅದು ಅಲುಗುತ್ತಿದ್ದ ರೀತಿಯಲ್ಲೇ ನಗುತ್ತಿದ್ದಾಳೆಂದು ತಿಳಿಯಿತು.

ಅವತ್ತು ವೈಫೈಯನ್ನು ಗೋಡೆ ದಾಟಬಲ್ಲ ನಿಧಾನದ ಬ್ಯಾಂಡಿಗೇ ಕಟ್ಟಿಹಾಕಿಸಿದೆ. ವೇಗದ ಬ್ಯಾಂಡು ಕಾಯಿ ರಾಶಿಯ ಹತ್ತಿರವೇ ಸತ್ತುಹೋಗುತ್ತಿತ್ತು. ನನ್ನ ಫೋನಿನಿಂದ ಡಬ್ಬದ ಚಾನೆಲ್ ಬದಲಿಸಿದೆ, ಅವಳು ಕಂಪ್ಯೂಟರಿನಲ್ಲಿ ಓದಿ ಹೇಳಿದಳು. ಹನ್ನೊಂದು. ಹದಿಮೂರು. ಹದಿನಾಲ್ಕು. ಪ್ರತಿ ಸಲ ಅವಳು ಅಂಕಿ ಹೇಳುವ ಮೊದಲು ಉಸಿರು ಬಿಗಿ ಹಿಡಿಯುತ್ತಿದ್ದಳು, ನಾನೂ.

ಆಗ ರಾಧಾಮಣಮ್ಮ ಕಾಫಿ ತಂದು ಒರಳುಕಲ್ಲಿನ ಅಂಚಿಗಿಟ್ಟು ಹೋದರು. ಪೇಪರ್ ಕಪ್ಪು. ಹಿಂದಿನ ದಿನವೂ ಅದೇ. ಜಗಲಿಯಲ್ಲಿ ಕೂತಿದ್ದ ಕೊಬ್ಬರಿ ವ್ಯಾಪಾರದವರ ಕೈಯಲ್ಲಿ ಸ್ಟೀಲ್ ಲೋಟ ಹೊಳೆಯುತ್ತಿದ್ದುದನ್ನು ನಾನು ನೋಡಿದ್ದೆ.

ಧನಲಕ್ಷ್ಮಿ ಒಳಗೆ ಹೋಗಿ ಬಂದಳು. ಅವಳ ಕೈಯಲ್ಲೂ ಒಂದು ಪೇಪರ್ ಕಪ್ಪಿತ್ತು. ಕಿಟಕಿಯ ಕಟ್ಟೆಗೆ ಮೊಣಕೈ ಊರಿ, ನನ್ನ ಎದುರೇ ಕುಡಿಯತೊಡಗಿದಳು. ಬೇರೆ ಯಾರಾದರೂ ಆಗಿದ್ದರೆ ಕರಗುತ್ತಿದ್ದರೇನೋ. ನನಗೆ ಎದೆಯಲ್ಲಿದ್ದ ಕೆಂಡಕ್ಕೆ ಯಾರೋ ಊದಿದಂತಾಯಿತು.

"ನೀವ್ ಪೇಪರ್ ಕಪ್ಪಲ್ಲಿ ಕುಡಿದ್ರೆ ಸಮ ಆಗೋಯ್ತಾ?"

ಅವಳ ಕೈ ನಿಂತಿತು.

"ನಿಮಗದು ಒಂದಿನದ ಆಟ. ನಮ್ಮಪ್ಪ ಈ ಅಂಗಳದಲ್ಲಿ ಇಪ್ಪತ್ತು ವರ್ಷದಿಂದ ಕಾಯಿ ಸುಲೀತವ್ನೆ. ಅವನು ಸುಲಿದ ಕಾಯಿ ಅಡುಗೆಮನೆಗೆ ಹೋಗ್ತದೆ, ದೇವರ ಮುಂದೆ ಹೋಗ್ತದೆ. ಅವನು ಮಾತ್ರ ಇವತ್ತಿಗೂ ಈ ಜಗಲಿ ದಾಟಿಲ್ಲ. ಕೇಳಿದ್ರಲ್ಲ, ಯಾರು ನಿಮ್ಮನ್ನ ಫೋಟೋ ಥರ ನಿಲ್ಲಿಸಿದ್ದು ಅಂತ? ಡಬ್ಬ ಒಳಗೆ ಹಾಕ್ತೀನಿ ಅಂದೆ. ಅದಕ್ಕೆ ನಾನು ಒಳಗೆ ಬರ್ಬೇಕಿತ್ತು. ಬ್ಯಾಡ ಅಂದ್ರು. ಅಷ್ಟೇ ವಿಷಯ. ನಿಮ್ಮಣ್ಣ ಹದಿನೈದು ಜನದ ಮುಂದೆ ಬೈದ್ನಲ್ಲ, ಇದನ್ನ ಅಲ್ಲಿ ಹೇಳ್ಬೇಕಿತ್ತಾ ನಾನು?"

ಅವಳು ಜಗಲಿಯ ಕಡೆ ನೋಡಿದಳು, ಒಳಗೆ ಅವ್ವನ ಕಡೆ ನೋಡಿದಳು. ಮುಖದ ಬಣ್ಣ ಇಳಿಯಿತು. ಈ ಮನೆಯಲ್ಲೇ ಹುಟ್ಟಿದವಳಿಗೆ ಹೊಸ್ತಿಲಿನ ಎತ್ತರ ಆವತ್ತೇ ಕಂಡ ಹಾಗಿತ್ತು.

"ನಂಗೆ ಗೊತ್ತಿರ್ಲಿಲ್ಲ ಅಂದ್ರೆ ನಂಬ್ತೀರಾ?" ಕೇಳಿದಳು. ಆಮೇಲೆ ತಾನೇ, "ಗೊತ್ತಿರ್ಲಿಲ್ಲ ಅನ್ನೋದೂ ತಪ್ಪೇ," ಅಂದಳು. ಕಪ್ಪನ್ನು ಕಟ್ಟೆಯ ಮೇಲಿಟ್ಟಳು. "ಇವತ್ತು ನನ್ ಕೈಲಾಗಿದ್ದು ಇಷ್ಟೇ. ನಾಳೆಗೂ ಇಷ್ಟೇ ಅಂತ ಅನ್ಕೋಬೇಡಿ."

ಬ್ಯಾಗ್ ಎತ್ತಿಕೊಂಡು ಬಂದುಬಿಟ್ಟೆ.

*

ಗುರುವಾರ ಹೋಗಲಿಲ್ಲ. ಚಿಕ್ಕನಾಯಕನಹಳ್ಳಿ ರಸ್ತೆಯ ಕಂಬಗಳ ಮೇಲೇ ಇದ್ದೆ. ಕಂಬ ಹತ್ತಿದರೆ ಇಳಿಯಬೇಕು ಅನ್ನಿಸುತ್ತಿತ್ತು, ಇಳಿದರೆ ಹತ್ತಬೇಕು ಅನ್ನಿಸುತ್ತಿತ್ತು. ಯಾರದೋ ಮನೆಯ ವೈರನ್ನು ಇನ್ನಾರದೋ ಮನೆಗೆ ಕೊಟ್ಟು ಬೈಸಿಕೊಂಡೆ. ಅವಳ ಮೇಲೆ ಯಾಕೆ ರೇಗಿದೆ? ರೇಗಬೇಕಾದವನ ಮುಂದೆ ಬಾಯಿ ಮುಚ್ಚಿಕೊಂಡು, ಬಾಯಿ ತೆರೆಯಲು ಜಾಗ ಕೊಟ್ಟವಳ ಮೇಲೆ ಹೋಗಿ ಸುರಿದಿದ್ದೆ. ಇದು ಯಾವ ಸೀಮೆ ಗಂಡಸುತನ?

ಸಂಜೆ ಹೊತ್ತಿಗೆ ಮೆಸೇಜ್ ಬಂತು. "ನಾಳೆ ಹನ್ನೊಂದಕ್ಕೆ. ಅರ್ಧ ಗಂಟೆ. ನೀವು ಕಿಟಕಿ ಹತ್ರ ಇದ್ರೆ ನಂಗೆ ಧೈರ್ಯ. ಕಟ್ಟಾಗೋ ಥರ ಆದ್ರೆ ಬಳೆ ಆಡಿಸ್ತೀನಿ."

ಹತ್ತು ಸಲ ಓದಿದೆ. ಟೈಪ್ ಮಾಡಿದ್ದನ್ನೆಲ್ಲ ಅಳಿಸಿದೆ.

*

ಶುಕ್ರವಾರ ಹತ್ತೂವರೆಗೇ ಒರಳುಕಲ್ಲಿನ ಮೇಲಿದ್ದೆ. ಅವಳು ತಿರುಗಿ ನೋಡಿದಳು. ನಗಲಿಲ್ಲ; ಆದರೆ ಭುಜ ಎರಡೂ ಇಳಿದವು, ಹೊತ್ತ ಹೊರೆ ಇಳಿಸಿದ ಹಾಗೆ.

ಪಾಠ ಶುರುವಾಯಿತು. ಎಲ್ಲೋ ಇದ್ದ ಮಕ್ಕಳಿಗೆ ಅವಳು ಭಿನ್ನರಾಶಿ ಹೇಳಿಕೊಡುತ್ತಿದ್ದಳು, ಒಂದು ತೆಂಗಿನಕಾಯಿ ಹಿಡಿದು. ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, "ಗಡಗಡ ಅಂತಿದೆ, ಕೇಳಿಸ್ತಾ? ಒಳಗೆ ಒಣಗಿದ ಕೊಬ್ಬರಿ ಗಿಟುಕು ಚಿಪ್ಪಿಂದ ಬಿಟ್ಕೊಂಡಿದೆ. ಹೊರಗಿಂದ ನೋಡಿದ್ರೆ ಒಂದೇ ಕಾಯಿ, ಒಳಗೆ ಎಷ್ಟು ಭಾಗ?" ಅನ್ನುತ್ತಿದ್ದಳು. ಕಂಪ್ಯೂಟರಿನಿಂದ ಮಕ್ಕಳ ನಗು ಬಂತು. ಇಂಥ ಟೀಚರ್ ಒಬ್ಬಳಿದ್ದಿದ್ದರೆ ನಾನು ಶಾಲೆ ಬಿಡುತ್ತಿದ್ದೆನೋ ಇಲ್ಲವೋ, ಗೊತ್ತಿಲ್ಲ. ಗಣಿತದ ಹೊತ್ತಿಗಾದರೂ ಹೋಗುತ್ತಿದ್ದೆ.

ಇಪ್ಪತ್ತನೇ ನಿಮಿಷಕ್ಕೆ ಬಳೆ ಸದ್ದಾಯಿತು.

ಫೋನಿನಲ್ಲಿ ಡಬ್ಬದ ಪೇಜ್ ತೆಗೆದು ನೋಡಿದೆ. ಯಾರೋ ನೆಟ್ಟನ್ನು ಹೀರುತ್ತಿದ್ದರು. ಅದೇ ಹೊತ್ತಿಗೆ ಜಗಲಿಯ ಕಡೆಯಿಂದ ಕಬಡ್ಡಿ ವಿಡಿಯೋದ ಕೂಗು ಕೇಳಿಸಿತು. ವಸಂತಣ್ಣ! ತಂಗಿಯ ಕ್ಲಾಸಿಗೆ ಕಾವಲು ಕೂತವನು ತಾನೇ ನೆಟ್ ಕುಡಿಯುತ್ತಿದ್ದ. ಅವನ ಫೋನಿನ ಹೆಸರು ಹುಡುಕಿ ಬ್ಲಾಕ್ ಒತ್ತಿದೆ.

"ಲೇ! ನೆಟ್ ಹೋಯ್ತಲ್ಲೋ! ಸತ್ತ ಇವತ್ತು ಆ ಸಿದ್ದ!" ಜಗಲಿಯಿಂದ ಆರ್ಭಟ.

ಕೋಣೆಯಲ್ಲಿ ಪಾಠ ಹೊಳೆಯ ಹಾಗೆ ಹರಿಯುತ್ತಿತ್ತು. ಅವಳು ಕ್ಯಾಮೆರಾದಿಂದ ಕಣ್ಣು ಕೀಳಲಿಲ್ಲ, ತುಟಿಯ ಅಂಚು ಮಾತ್ರ ನನ್ನ ಕಡೆಗೆ ಸರಿಯಿತು.

*

"ಕೆಲಸ ಸಿಕ್ತು ಕಣ್ರೀ! ಸೋಮವಾರದಿಂದ್ಲೇ ಕ್ಲಾಸು!"

ಜಗಲಿಗೆ ಓಡಿ ಬಂದಳು. ನಾನೂ ಸಂದಿಯಿಂದ ಅಂಗಳಕ್ಕೆ ಬಂದಿದ್ದೆ, ಕೈಯಲ್ಲಿ ವೈರ್ ತುದಿ ಒತ್ತುವ ಇಕ್ಕಳ. ಜಗಲಿಯಲ್ಲಿ ಕೊಬ್ಬರಿ ವ್ಯಾಪಾರದವರು ಇಬ್ಬರು, ರಾಧಾಮಣಮ್ಮ. ಅಂಗಳದಲ್ಲಿ ಟೀ ಅಂಗಡಿಯ ಒಲೆಗೆ ಸುಲಿದ ಕಾಯಿಯ ಮಟ್ಟೆ ತುಂಬಿಸಿಕೊಳ್ಳುತ್ತಿದ್ದ ದುರ್ಗಯ್ಯ.

ವಸಂತಣ್ಣನ ಮುಖ ಅರಳಿತ್ತು. ಬ್ಲಾಕ್ ಮಾಡಿದ್ದು ನಾನೇ ಅಂತ ಗೊತ್ತಾಗಿಯೂ ನಗುತ್ತಿದ್ದ. "ಪರವಾಗಿಲ್ಲ ಕಣ್ಲಾ ಸಿದ್ದ, ಕೆಲಸ ಗೊತ್ತೈತೆ ನಿಂಗೆ. ನೋಡು, ಸೋಮವಾರದಿಂದ ದಿನಾ ಕ್ಲಾಸು. ಡಬ್ಬ ಒಳಗೇ ಹಾಕಿಸ್ಬುಡಾನ. ನಾಳೆ ನಿಮ್ ಆಫೀಸಿಂದ ಯಾರ್ನಾದ್ರೂ ಕಳ್ಸು. ಒಳಗ್ ಬರೋ ಅಂಥೋರನ್ನ."

ಇದನ್ನು ಅವನು ಪ್ರೀತಿಯಿಂದಲೇ ಹೇಳಿದ. ಮಂಗಳವಾರದ ಬೈಗುಳ ಇದರ ಮುಂದೆ ಏನೂ ಅಲ್ಲ. ದುರ್ಗಯ್ಯ ಈ ಸಲ ನಗಲಿಲ್ಲ; ಮಟ್ಟೆ ಎಣಿಸುವವನ ಹಾಗೆ ಬಗ್ಗಿಕೊಂಡ.

"ಯಾರೂ ಬರೋದ್ ಬ್ಯಾಡ," ಅಂದಳು ಧನಲಕ್ಷ್ಮಿ.

"ಯಾಕೇ?"

"ಇಷ್ಟು ದಿನ ಇವರು ಹೊರಗೇ ಕೂತು ಒಳಗಿನ ಕೆಲಸ ಮಾಡಿದ್ರಲ್ಲ. ಇವರು ಬರಬಾರ್ದ ಕಡೆ ಡಬ್ಬಾನೂ ಬ್ಯಾಡ. ನಾನೇ ಹೊರಗ್ ಬತ್ತೀನಿ."

ಒಳಗೆ ಹೋದಳು. ಏನೋ ಎಳೆದ ಸದ್ದು, ಏನೋ ಬಿದ್ದ ಸದ್ದು. ಬರುವಾಗ ಪರದೆಯನ್ನು ಮಗುವಿನ ಹಾಗೆ ಎದೆಗವಚಿಕೊಂಡಿದ್ದಳು. ಮತ್ತೆ ಹೋಗಿ ಸಿಪಿಯು ಪೆಟ್ಟಿಗೆ ತಂದಳು, ಮತ್ತೆ ಹೋಗಿ ಕೀಬೋರ್ಡು. ಜಗಲಿಯ ಮೇಜಿನಿಂದ ಸ್ಟೀಲ್ ಲೋಟಗಳನ್ನು ಒಂದು ಬದಿಗೆ ಸರಿಸಿ ಎಲ್ಲ ಜೋಡಿಸಿದಳು.

"ಹುಚ್ಚು ಹಿಡೀತೇನೇ?" ರಾಧಾಮಣಮ್ಮ ಪಿಸುಗುಟ್ಟಿದರು. "ನಾಕು ಜನದ ಮುಂದೆ..."

"ಅವತ್ತು ಬೈದಿದ್ದೂ ನಾಕು ಜನದ ಮುಂದೇನೇ ಅವ್ವ."

ಸ್ಪೀಡ್ ಟೆಸ್ಟ್ ಒತ್ತಿದಳು. ಮುಳ್ಳು ಏರಿತು. ಇಪ್ಪತ್ತು, ಮೂವತ್ತೈದು, ನಲವತ್ತೆಂಟು. ಆಮೇಲೆ ಅವಳು ಇನ್ನೊಂದು ಪೇಜ್ ತೆಗೆದು, ಪರದೆಯನ್ನು ನನ್ನ ಕಡೆ ತಿರುಗಿಸಿದಳು.

ನಾಲ್ಕು ದಿನದಿಂದ ಕುರುಡನ ಹಾಗೆ ನಾನು ದಾರಿ ಹೇಳುತ್ತಿದ್ದ ಊರು ಮೊದಲ ಸಲ ಕಣ್ಣಿಗೆ ಬಿತ್ತು. ಒಂದರ ಕೆಳಗೊಂದು ಎರಡು ಖಾನೆ. ಮೇಲಿನದರಲ್ಲಿ ನಾಲ್ಕು ಎಂಟು, ನಡುವೆ ಚುಕ್ಕಿ.

ಕೆಳಗಿನದು ಖಾಲಿ.

"ಬಿಡಬಾರ್ದು ಅಂದಿದ್ರಿ," ಅಂದಳು. ಧ್ವನಿ ಸಣ್ಣಗಿತ್ತು, ಆದರೆ ಅಂಗಳದಲ್ಲಿದ್ದವರಿಗೆಲ್ಲ ಕೇಳಿಸುವಷ್ಟಿತ್ತು. "ನಾನು ಬಿಟ್ಟಿದ್ದೀನಿ. ನಂಗೆ ಎರಡನೇದು ಬೇಕಿಲ್ಲ. ನಾಳೆ ಬತ್ತೀರಾ? ನೆಟ್ ಸರಿಯಾಗಿದ್ರೂ ಬತ್ತೀರಾ?"

ಅವಳ ಕೆನ್ನೆಗೆ ಪರದೆಯ ಬೆಳಕು, ಕಿವಿಯ ಓಲೆಗೆ ಬಿಸಿಲು. ಈ ಸಲ ಕಂಬಿಯಿಲ್ಲ. ಎರಡೂ ಕಣ್ಣು.

ವಸಂತಣ್ಣ ಎದ್ದು ನಿಂತಿದ್ದ. ಅವನ ಮುಖದ ನಗು ಇನ್ನೂ ಪೂರ್ತಿ ಇಳಿದಿರಲಿಲ್ಲ, ಏನಾಯಿತೆಂದು ಅದಕ್ಕಿನ್ನೂ ಗೊತ್ತಾಗಿರಲಿಲ್ಲ. ರಾಧಾಮಣಮ್ಮ ಕಂಬ ಹಿಡಿದುಕೊಂಡಿದ್ದರು. ನನ್ನ ಬಾಯಿಗೆ ಬರುತ್ತಿದ್ದ ಒಂದೊಂದು ಮಾತಿನಲ್ಲೂ ವಸಂತಣ್ಣನಿಗೆ ಕೊಡಬೇಕಾದ ಏಟು ಕಲೆತಿತ್ತು. ಅವಳಿಗೆ ಕೊಡುವ ಮಾತಿನಲ್ಲಿ ಅದು ಇರಕೂಡದು.

ಬ್ಯಾಗ್ ಹೆಗಲಿಗೇರಿಸಿದೆ. ಕೈಯಲ್ಲಿದ್ದ ಇಕ್ಕಳವನ್ನು ಜಗಲಿಯ ಅಂಚಿನ ಮೇಲೆ, ಸ್ಟೀಲ್ ಲೋಟಗಳ ಪಕ್ಕದಲ್ಲಿಟ್ಟೆ. ತಿರುಗಿ ಅಂಗಳ ದಾಟಿದೆ. ಅಪ್ಪನ ಹಾರೆ ಬಿಸಿಲಿಗೆ ಕಾದು ನಿಂತಿತ್ತು.

"ಏಯ್, ನಿನ್ ಇಕ್ಳ ಇಲ್ಲೇ ಮರೆತ್ಯಲ್ಲೋ!" ದುರ್ಗಯ್ಯ ಹಿಂದಿನಿಂದ ಕೂಗಿದ.

"ಅದನ್ನ ಮುಟ್ಬೇಡಿ ದುರ್ಗಯ್ಯಣ್ಣ," ಧನಲಕ್ಷ್ಮಿಯ ಧ್ವನಿ ನಡುಗುತ್ತಿತ್ತು, ನಗುತ್ತಲೂ ಇತ್ತು. "ಅಲ್ಲೇ ಇರ್ಲಿ."

ನಾನು ನಿಲ್ಲಲಿಲ್ಲ. ತೋಟದ ದಾರಿ ಹಿಡಿದು ನಡೆದೆ.